ಸರ್ವರಿಗೂ ಆದರದ ಸ್ವಾಗತ

ನಮ್ಮ ಕಡೆ ನಾಲ್ಕಕ್ಷರ ಕಲಿತವರ ಮನೆಯಲ್ಲಿ ಪುಸ್ತಕ ಇಲ್ಲದಿರಬಹುದು, ಆಮಂತ್ರಣ ಪತ್ರಿಕೆ ಇಲ್ಲದಿರುವುದಿಲ್ಲ. ಮದುವೆಯ ಪತ್ರಿಕೆಯ ಮಾತಲ್ಲ ಇದು. ಅದಕ್ಕೆ ಅರಿಶಿನ ಹಚ್ಚಿರುತ್ತಾರೆ, ದೇವರ ಜಗಲಿಯ ಮೇಲೆ ಇಡುತ್ತಾರೆ, ಅದರ ಸಂಸಾರವೇ ಬೇರೆ. ನಾನು ಹೇಳುತ್ತಿರುವುದು ಉಪನ್ಯಾಸ, ವಿಚಾರ ಸಂಕಿರಣ, ಪುಸ್ತಕ ಬಿಡುಗಡೆ, ಚಿತ್ರ ಪ್ರದರ್ಶನ, ನಾಟಕ ಇವುಗಳ ಪತ್ರಿಕೆ. ಒಂದು ಬದಿ ಅಚ್ಚು, ಇನ್ನೊಂದು ಬದಿ ಖಾಲಿ. ಆ ಖಾಲಿ ಬದಿಯೇ ನನ್ನ ಹೆಂಡತಿಯ ಲೆಕ್ಕದ ಪುಸ್ತಕ. ನವ್ಯೋತ್ತರ ಕಾವ್ಯದ ಕುರಿತ ಎರಡು ದಿನಗಳ ವಿಚಾರ ಸಂಕಿರಣದ ಬೆನ್ನ ಮೇಲೆ ನಮ್ಮ ಎಮ್ಮೆ ಯಾವ ಯಾವ ದಿನ ಒದ್ದು ಹಾಲು ಕೊಡಲಿಲ್ಲ ಎಂಬುದು ಸವಿಸ್ತಾರವಾಗಿ ದಾಖಲಾಗಿದೆ. ಸಂಕಿರಣದಲ್ಲಿ ಏನಾಯಿತೆಂಬುದರ ದಾಖಲೆ ಎಲ್ಲೂ ಸಿಕ್ಕಿಲ್ಲ.

ಯಡ್ರಾಮಿಯಲ್ಲಿ ಕೂತವನಿಗೆ ವಿಶ್ವವಿದ್ಯಾಲಯ ಎಂದರೆ ಬಹುಕಾಲ ಈ ಪತ್ರಿಕೆಯೇ. ಕಲಬುರಗಿಗೆ ಹೋಗಬೇಕೆಂದರೆ ಮೊದಲು ಜೇವರ್ಗಿ ಮುಟ್ಟಬೇಕು, ಆಮೇಲೆ ಕಟ್ಟಿಸಂಗಾವಿಯ ಹತ್ತಿರ ಭೀಮೆಯನ್ನು ದಾಟಬೇಕು. ನಾವು ತಾಲ್ಲೂಕಾದದ್ದೇ ಮೊನ್ನೆ ಮೊನ್ನೆ. ಅದಕ್ಕೂ ಮೊದಲು ವಿಳಾಸ ಬರೆಯುವಾಗ ‘ಜೇವರ್ಗಿ ತಾಲ್ಲೂಕು’ ಅಂತ ಬರೆದರೂ ಕೆಲವು ಪತ್ರಗಳು ಸಿಂದಗಿಯ ಕಡೆಗೋ ಶಹಾಪುರದ ಕಡೆಗೋ ಒಂದು ಸುತ್ತು ಹಾಕಿ ಬರುತ್ತಿದ್ದವು. ಆಮಂತ್ರಣಗಳು ಬುಕ್ ಪೋಸ್ಟಿನಲ್ಲಿ ಬರುವಂಥವು, ಲಕೋಟೆಗೆ ಅಂಟು ಇರುತ್ತಿರಲಿಲ್ಲ. ಅಂಚೆಯಣ್ಣ ಮೊದಲು ತಾನು ಓದಿಯೇ ನನಗೆ ಕೊಡುತ್ತಿದ್ದ. ಕೊಡುವಾಗ, “ಸರಾ, ಇದು ಮೊನ್ನಿ ಐತವಾರ ಆಗ್ಯದ ನೋಡ್ರಿ. ಊಟದ ವ್ಯವಸ್ಥಾ ಇತ್ತಂತ ಬರ್ದಾರ,” ಎಂದು ನನಗಿಂತ ಹೆಚ್ಚು ನೊಂದುಕೊಳ್ಳುತ್ತಿದ್ದ.

ಪತ್ರಿಕೆಗೆ ಮೊದಲು ಡಂಗುರವಿತ್ತು. ಹಲಗಿ ಬಾರಿಸುತ್ತ ಓಣಿ ಓಣಿ ತಿರುಗಿ, ಇವತ್ತು ರಾತ್ರಿ ಗುಡಿ ಮುಂದೆ ಬಯಲಾಟ ಐತ್ರೆಪೋ ಎಂದು ಕೂಗಿದರೆ ಮುಗಿಯಿತು. ಎಷ್ಟು ಗಂಟೆಗೆ ಎಂದು ಕೂಗುತ್ತಿರಲಿಲ್ಲ, ಊಟ ಆದ ಮ್ಯಾಲೆ ಅಂತಷ್ಟೇ. ಯಾರ ಊಟ ಎಂದು ಯಾರೂ ಕೇಳುತ್ತಿರಲಿಲ್ಲ. ಗೌಡರ ಊಟ. ಶ್ರಾವಣದಲ್ಲಿ ಮಠದ ಪುರಾಣಕ್ಕಂತೂ ಡಂಗುರವೂ ಬೇಡ. ಇವತ್ತಿನ ಕಥೆಯನ್ನು ಶಾಸ್ತ್ರಿಗಳು ಎಲ್ಲಿ ನಿಲ್ಲಿಸುತ್ತಾರೋ ಅದೇ ನಾಳೆಯ ಆಮಂತ್ರಣ. ಮಗು ತೊಟ್ಟಿಲಲ್ಲಿದೆ, ಹಾವು ತೊಟ್ಟಿಲ ಕೆಳಗಿದೆ, ಮಂಗಳಾರತಿ! ಮರುದಿನ ಬಾರದಿರುವ ಹೆಂಗಸು ಯಾರು?

ನಿಜಾಮನ ಕಾಲದಲ್ಲಿ ಸಭೆ ಸೇರುವುದು ಇಷ್ಟು ಸಸಾರ ಇರಲಿಲ್ಲ. ‘ಗಸ್ತಿ ನಿಶಾನ್ 53’ ಎಂಬ ಒಂದು ಸರ್ಕಾರಿ ಸುತ್ತೋಲೆಯಿತ್ತು. ಸಾರ್ವಜನಿಕ ಸಭೆ ಮಾಡಬೇಕಾದರೆ ಮೊದಲೇ ಅಪ್ಪಣೆ ತೆಗೆದುಕೊಳ್ಳಬೇಕು. ಭಾಷಣ ಮಾಡುವವರು ಯಾರು, ವಿಷಯ ಏನು ಎಂಬುದು ಕೇಳುಗರಿಗಿಂತ ಮೊದಲು ಸರ್ಕಾರಕ್ಕೆ ಗೊತ್ತಾಗಬೇಕು. ಮಠದ ಪುರಾಣ, ಭಜನೆಗಳ ಮೇಲೆ ಅಷ್ಟು ಕಣ್ಣು ಇರಲಿಲ್ಲವೆಂದು ನಮ್ಮ ಮುತ್ಯಾ ಹೇಳುತ್ತಿದ್ದ. ಅವನ ಕಾಲದವರಿಗೆ ವಿಶ್ವವಿದ್ಯಾಲಯವೆಂದರೆ ಹೈದರಾಬಾದಿನ ಉಸ್ಮಾನಿಯಾ. 1918ರಲ್ಲಿ ಉರ್ದು ಮಾಧ್ಯಮದಲ್ಲಿ ಶುರುವಾದ ಅದರ ಸುದ್ದಿ ಭೀಮೆಯ ಈಚೆ ದಂಡೆಗೆ ಬಂದು ಮುಟ್ಟುವ ಪೈಕಿ ಅಲ್ಲ.

ಇಂಥ ಹೊತ್ತಿನಲ್ಲೇ, 1928ರಲ್ಲಿ, ಕಲಬುರಗಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಅಧ್ಯಕ್ಷರು ಬಿ.ಎಂ. ಶ್ರೀಕಂಠಯ್ಯ. ಕನ್ನಡ ತಲೆಯೆತ್ತುವ ದಾರಿ ಯಾವುದೆಂದು 1911ರಲ್ಲೇ ಧಾರವಾಡದಲ್ಲಿ ಉಪನ್ಯಾಸ ಮಾಡಿದ್ದವರು. ಆಮೇಲೆ 1949ರಲ್ಲಿ ಮತ್ತೆ ಸಮ್ಮೇಳನ ಬಂತು. ಸಂಸ್ಥಾನ ಭಾರತದಲ್ಲಿ ಸೇರಿದ ಬೆನ್ನಿಗೇ, ರಜಾಕಾರರ ಗಾಯ ಇನ್ನೂ ಹಸಿಯಾಗಿದ್ದಾಗ. ಅಧ್ಯಕ್ಷರಾಗಿ ಬಂದವರು ಉತ್ತಂಗಿ ಚನ್ನಪ್ಪ. ಕ್ರೈಸ್ತ ಪಾದ್ರಿ, ಸರ್ವಜ್ಞನ ವಚನಗಳನ್ನು ಊರೂರು ಅಲೆದು ಕೂಡಿಸಿದವರು. ಈ ಎರಡು ಸಮ್ಮೇಳನಗಳ ಆಮಂತ್ರಣ ಪತ್ರಿಕೆ ಯಾರ ಹತ್ತಿರವಾದರೂ ಇದ್ದರೆ ನಾನು ಪತ್ರಿಕೆಗಳನ್ನು ಕೂಡಿಟ್ಟ ನನ್ನ ಇಡೀ ಟ್ರಂಕನ್ನು ಕೊಟ್ಟು ತೆಗೆದುಕೊಂಡೇನು. ಮೊದಲನೆಯದರಲ್ಲಿ ಅಪ್ಪಣೆಯ ಠಸ್ಸೆ ಇತ್ತೋ ಏನೋ ನೋಡುವ ಆಸೆ. ಹೆಂಡತಿಗೆ ಮಾತ್ರ ಅದರ ಖಾಲಿ ಬದಿ ತೋರಿಸುವುದಿಲ್ಲ.

ವಿಶ್ವವಿದ್ಯಾಲಯವೇ ಹಳ್ಳಿಗೆ ಬಂದು ಮಾತಾಡಬೇಕು ಎಂಬ ಪದ್ಧತಿ ಹಳೆಯ ಮೈಸೂರಿನದು. ಅಧ್ಯಾಪಕರು ಊರೂರಿಗೆ ಹೋಗಿ ಪ್ರಚಾರೋಪನ್ಯಾಸ ಮಾಡುವುದು, ಆಮೇಲೆ ಅದನ್ನೇ ಸಣ್ಣ ಪುಸ್ತಕವಾಗಿ ಅಚ್ಚು ಹಾಕುವುದು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವೂ ಅದೇ ಜಾಡಿನಲ್ಲಿ ‘ಉಪನ್ಯಾಸ ಗ್ರಂಥಮಾಲೆ’ ಹೊರತಂದಿತು. ನಮ್ಮ ಹೈಸ್ಕೂಲಿನ ಕಪಾಟಿನಲ್ಲಿ ಅವು ಕೆಲವಿದ್ದವು. ಅಂಗಿಯ ಕಿಸೆಯಲ್ಲಿ ಹಿಡಿಯುವಂಥವು. ಮಾತಾಡಿದ್ದನ್ನೇ ಬರೆದದ್ದರಿಂದ ಓದಿದರೆ ಯಾರೋ ಎದುರಿಗೆ ಕೂತು ಹೇಳಿದ ಹಾಗೆ ಇರುತ್ತಿದ್ದವು. ನಾನು ಕನ್ನಡ ಎಂ.ಎ. ಮಾಡಲು ಹೊರಟದ್ದಕ್ಕೆ ಮನೆಯಲ್ಲಿ ಯಾರ ಯಾರ ಮೇಲೋ ಅಪವಾದ ಬಂತು. ನಿಜವಾದ ಅಪರಾಧಿಗಳು ಈ ಕಿರುಹೊತ್ತಿಗೆಗಳು.

1979ರಲ್ಲಿ ನಾನು ಸೇರಿದಾಗ ಕಲಬುರಗಿಯಲ್ಲಿದ್ದದ್ದು ಧಾರವಾಡ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ. 1970ರಲ್ಲಿ ಆರಂಭವಾದದ್ದು. ಮರುವರ್ಷ, 1980ರಲ್ಲಿ, ಅದೇ ಗುಲಬರ್ಗಾ ವಿಶ್ವವಿದ್ಯಾಲಯವಾಯಿತು. ನಾವು ಎದ್ದು ಎಲ್ಲಿಗೂ ಹೋಗಲಿಲ್ಲ, ಕೂತಲ್ಲೇ ನಮ್ಮ ವಿಶ್ವವಿದ್ಯಾಲಯ ಬದಲಾಯಿತು. ಆವರಣಕ್ಕೆ ಜ್ಞಾನಗಂಗಾ ಅಂತ ಹೆಸರು. ಬೇಸಿಗೆಯಲ್ಲಿ ಅಲ್ಲಿ ಗಂಗೆಯೂ ಇಲ್ಲ ನೆರಳೂ ಇಲ್ಲ, ಜ್ಞಾನವೊಂದೇ ಗತಿ. ನೋಟೀಸ್ ಬೋರ್ಡಿನ ಮುಂದೆ ನಿಂತು ನಾಳೆ ಯಾರ ಉಪನ್ಯಾಸ, ನಾಡಿದ್ದು ಯಾರ ಗಾಯನ ಎಂದು ಓದುವುದು ನನಗೆ ಚಟವಾಯಿತು. ಆಗಿ ಹೋದ ಉಪನ್ಯಾಸಗಳಲ್ಲಿ ಆಕಳಿಕೆ ಬಂದದ್ದುಂಟು. ಆಗಲಿರುವ ಉಪನ್ಯಾಸ ಮಾತ್ರ ಇಲ್ಲಿಯವರೆಗೆ ಒಂದೂ ಬೇಸರ ತರಿಸಿಲ್ಲ.

ನೌಕರಿ ಹಿಡಿದು ಯಡ್ರಾಮಿಯ ಕಡೆ ಬಂದ ಮೇಲೆ ನನಗೂ ಆ ಲೋಕಕ್ಕೂ ನಡುವೆ ವಸ್ತಿ ಬಸ್ಸು ನಿಂತಿತು. ಕಲಬುರಗಿಯಿಂದ ಹೊರಟು ರಾತ್ರಿ ನಮ್ಮೂರಲ್ಲೇ ಮಲಗಿ ಬೆಳಗಾಗೆದ್ದು ತಿರುಗುವ ಬಸ್ಸು. ಅದು ತಪ್ಪಿದರೆ ಬಸ್ ಸ್ಟ್ಯಾಂಡಿನ ಸೊಳ್ಳೆಗಳೇ ಬಂಧುಬಳಗ. ಐದು ಗಂಟೆಯ ಕಾರ್ಯಕ್ರಮ ಆರಕ್ಕೆ ಆರಂಭವಾಗುವುದು ಎಲ್ಲ ಕಡೆಯ ಪದ್ಧತಿ. ಪ್ರಾರ್ಥನೆ, ಸ್ವಾಗತ, ಪುಷ್ಪಾರ್ಪಣೆ, ಪ್ರಾಸ್ತಾವಿಕ ನುಡಿ ಮುಗಿದು, ಯಾರ ಮಾತು ಕೇಳಲೆಂದು ಬಂದೆನೋ ಅವರು ಮೈಕಿನ ಎತ್ತರ ಸರಿ ಮಾಡಿಕೊಳ್ಳುವ ಹೊತ್ತಿಗೆ ನಾನು ಚೀಲ ಹೆಗಲಿಗೆ ಹಾಕಿಕೊಂಡು ಬಗ್ಗಿ ಬಗ್ಗಿ ಹೊರಗೆ ನಡೆಯುತ್ತಿದ್ದೆ. ಹೀಗಾಗಿ ಕಲಬುರಗಿಯ ಸಾಂಸ್ಕೃತಿಕ ಲೋಕದ ಸ್ವಾಗತ ಭಾಷಣಗಳಲ್ಲಿ ನಾನು ಪಾರಂಗತ. ಅಧ್ಯಕ್ಷರ ನುಡಿ ಮತ್ತು ವಂದನಾರ್ಪಣೆಯ ವಿಷಯದಲ್ಲಿ ನಿರಕ್ಷರಿ.

ಕೇಳಲಾಗದ್ದನ್ನು ಪತ್ರಿಕೆಯಲ್ಲಿ ಓದಿ ತುಂಬಿಕೊಳ್ಳುತ್ತಿದ್ದೆ. ಅದೊಂದು ದೊಡ್ಡ ಶಾಸ್ತ್ರ. ಮೇಲೆ ದಿವ್ಯ ಸಾನ್ನಿಧ್ಯ, ಅದರ ಕೆಳಗೆ ಸಮ್ಮುಖ, ನೇತೃತ್ವ, ಉದ್ಘಾಟನೆ. ಉದ್ಘಾಟನೆ ಸಿಗದವರಿಗೆ ಜ್ಯೋತಿ ಬೆಳಗಿಸುವುದು, ಜ್ಯೋತಿಯೂ ಸಿಗದವರಿಗೆ ಭಾವಚಿತ್ರಕ್ಕೆ ಮಾಲೆ. ಏನೂ ಉಳಿಯದಿದ್ದರೆ ಗೌರವ ಉಪಸ್ಥಿತಿ; ಅಂದರೆ ಸುಮ್ಮನೆ ಕೂತಿರುವುದು. ಅಕ್ಷರದ ಗಾತ್ರ ನೋಡಿಯೇ ಯಾರು ದೇಣಿಗೆ ಕೊಟ್ಟರು, ಯಾರಿಗೆ ಮುಂದಿನ ಚುನಾವಣೆಗೆ ನಿಲ್ಲುವ ಮನಸ್ಸಿದೆ ಹೇಳಬಹುದು. ಹೆಣ್ಣುಮಕ್ಕಳ ಹೆಸರು ಬಹಳ ವರ್ಷ ಎರಡೇ ಕಡೆ ಇರುತ್ತಿತ್ತು, ಮೊದಲ ಸಾಲಿನ ಪ್ರಾರ್ಥನಾಗೀತೆ ಮತ್ತು ಕೊನೆ ಸಾಲಿನ ನಿರೂಪಣೆ. ಗೀತಾ ನಾಗಭೂಷಣ ಅವರ ಹೆಸರು ನಡುವಿನ ಸಾಲುಗಳಿಗೆ, ಅಧ್ಯಕ್ಷತೆಯ ಸಾಲಿಗೆ ಏರಿದ್ದನ್ನು ನಾನು ಈ ಪತ್ರಿಕೆಗಳಲ್ಲೇ ಓದಿದವನು. 2004ರಲ್ಲಿ ‘ಬದುಕು’ ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು, 2010ರಲ್ಲಿ ಗದಗ ಸಮ್ಮೇಳನದ ಅಧ್ಯಕ್ಷತೆ. ಅಲ್ಲಿಂದ ಮುಂದೆ ಅವರ ಹೆಸರಿನ ಹಿಂದಿನ ಬಿರುದುಗಳೇ ಒಂದು ಸಾಲಾದವು.

ಪ್ರದರ್ಶನ, ನಾಟಕಗಳ ಪತ್ರಿಕೆಯಲ್ಲಿ ಸ್ಥಳ ಎಂಬಲ್ಲಿ ಹೆಚ್ಚಾಗಿ ಕಾಣುವುದು ಡಾ. ಎಸ್.ಎಂ. ಪಂಡಿತ ರಂಗಮಂದಿರ. ಪಂಡಿತರು 1916ರಲ್ಲಿ ಕಲಬುರಗಿಯಲ್ಲೇ ಹುಟ್ಟಿದವರು. ಮುಂಬಯಿಗೆ ಹೋಗಿ ಹೆಸರು ಮಾಡಿದ್ದು ಸಿನಿಮಾ ಪೋಸ್ಟರು, ಶೋ ಕಾರ್ಡುಗಳಿಂದ. ಥಿಯೇಟರಿನ ಬಾಗಿಲಲ್ಲಿ ನಿಂತವನಿಗೆ ಮುಂದಿನ ವಾರ ಏನು ಬರುತ್ತದೆ ಎಂದು ಬಣ್ಣದಲ್ಲಿ ಹೇಳುವ ಕೆಲಸ. ‘ಫಿಲ್ಮ್ ಇಂಡಿಯಾ’ ಪತ್ರಿಕೆಯ ಮುಖಪುಟಗಳನ್ನೂ ಬರೆದರು. ಆಮೇಲೆ ಅವರ ಪುರಾಣದ ಚಿತ್ರಗಳು ಕ್ಯಾಲೆಂಡರಾಗಿ ಎಷ್ಟೋ ಮನೆಗಳ ಗೋಡೆಗೆ ಬಂದವು. ಅವರನ್ನು ಬರೀ ಕ್ಯಾಲೆಂಡರ್ ಕಲಾವಿದ ಎಂದು ಮೂಗು ಮುರಿಯುವವರಿದ್ದಾರೆ. ಮುರಿಯಲಿ. ಮುಂದೆ ಬರುವುದನ್ನು ಜನ ಕಾಯುವಂತೆ ಮಾಡುವುದು ಸಣ್ಣ ವಿದ್ಯೆಯಲ್ಲ. ಬರಲಿರುವ ಸಿನಿಮಾಗಳನ್ನು ಸಾರಿದವರ ಹೆಸರು ಇವತ್ತು ಬರಲಿರುವ ಎಲ್ಲ ಕಾರ್ಯಕ್ರಮಗಳ ಪತ್ರಿಕೆಯಲ್ಲೂ ಸ್ಥಳವಾಗಿ ಅಚ್ಚಾಗುತ್ತದೆ. ಇಂಥ ನಾಮಕರಣ ಸರ್ಕಾರದ ಕೈಯಿಂದ ಅಪರೂಪಕ್ಕೆ ಆಗುತ್ತದೆ.

ನನಗೆ ತಕರಾರಿರುವುದು ಒಂದೇ ಜಾಗದಲ್ಲಿ. ನಮ್ಮ ತಾಲ್ಲೂಕಿನಲ್ಲೇ ಕಡಕೋಳ ಇದೆ, ಮಡಿವಾಳಪ್ಪನ ಕಡಕೋಳ. ಅವನ ತತ್ವಪದಗಳಿಗೆ ಆಮಂತ್ರಣ ಪತ್ರಿಕೆ ಎಂದೂ ಇರಲಿಲ್ಲ. ಅಮಾವಾಸ್ಯೆ ಬಂತೆಂದರೆ ಸರಿ, ಏಕತಾರಿ, ದಮ್ಮಡಿ, ತಾಳ ಹಿಡಿದು ರಾತ್ರಿಯಿಡೀ ಭಜನೆ. ಅವನ ಶಿಷ್ಯರಲ್ಲಿ ಚನ್ನೂರ ಜಲಾಲಸಾಬ ಒಬ್ಬ, ಖೈನೂರ ಕೃಷ್ಣಪ್ಪ ಇನ್ನೊಬ್ಬ. ಜಾತಿಯ ಲೆಕ್ಕ ಅಲ್ಲಿ ನಡೆಯುವುದಿಲ್ಲ. ವಿಶ್ವವಿದ್ಯಾಲಯಗಳು ತಡವಾಗಿಯಾದರೂ ಈ ಪದಗಳ ಬೆನ್ನು ಹತ್ತಿದವು. ಮೀನಾಕ್ಷಿ ಬಾಳಿಯಂಥವರು ತತ್ವಪದಕಾರರನ್ನು ಹುಡುಕಿ ಬರೆದರು, ಸಂಪುಟಗಳು ಬಂದವು, ವಿಚಾರ ಸಂಕಿರಣಗಳಾದವು. ಅದು ಆಗಬೇಕಾದ ಕೆಲಸವೇ. ಆದರೆ ಅಂಥದೊಂದು ಸಂಕಿರಣದ ಪತ್ರಿಕೆ ನನ್ನ ಹತ್ತಿರ ಇದೆ, ಯಾರದೆಂದು ಹೇಳುವುದಿಲ್ಲ. ಮೊದಲ ಗೋಷ್ಠಿ, ಎರಡನೆಯ ಗೋಷ್ಠಿ, ಪ್ರಬಂಧ ಮಂಡಿಸುವವರು, ಪ್ರತಿಕ್ರಿಯೆ ನೀಡುವವರು, ಅವರೆಲ್ಲರ ಪದವಿಗಳು. ಊಟದ ನಂತರ ಒಂದು ಸಾಲು: ‘ತತ್ವಪದ ಗಾಯನ: ಸ್ಥಳೀಯ ಕಲಾವಿದರಿಂದ’. ಮೂರು ತಲೆಮಾರಿನಿಂದ ಆ ಪದಗಳನ್ನು ಬಾಯಲ್ಲಿ ಕಾಪಾಡಿ ತಂದವರಿಗೆ ಹೆಸರಿಲ್ಲ. ಅವರು ಸ್ಥಳೀಯರು. ಉಳಿದವರೆಲ್ಲ ಆಕಾಶದಿಂದ ಇಳಿದವರೇನೋ!

2020ರ ಫೆಬ್ರುವರಿ 5ರಿಂದ 7ರವರೆಗೆ ಎಂಬತ್ತೈದನೆಯ ಸಾಹಿತ್ಯ ಸಮ್ಮೇಳನ ಗುಲಬರ್ಗಾ ವಿಶ್ವವಿದ್ಯಾಲಯದ ಆವರಣದಲ್ಲೇ ನಡೆಯಿತು. ಅಧ್ಯಕ್ಷರು ಎಚ್.ಎಸ್. ವೆಂಕಟೇಶಮೂರ್ತಿ. ಆ ಆಮಂತ್ರಣ ಪತ್ರಿಕೆಯಲ್ಲ, ಆಮಂತ್ರಣ ಪುಸ್ತಕ. ಕಲಬುರಗಿಯ ಹಿಂದಿನ ಸಮ್ಮೇಳನ, 1987ರ ಸಿದ್ಧಯ್ಯ ಪುರಾಣಿಕರ ಅಧ್ಯಕ್ಷತೆಯದು, ನಾನು ಹರೆಯದಲ್ಲಿ ನೋಡಿದ್ದೆ. ಈ ಸಲ ಮೊಮ್ಮಗನ ಕೈ ಹಿಡಿದು ಪುಸ್ತಕದ ಮಳಿಗೆಗಳಲ್ಲಿ ತಿರುಗಿದೆ. ಮುಂದಿನ ತಿಂಗಳೇ ಕೊರೋನಾದಿಂದ ದೇಶದಲ್ಲಿ ಮೊದಲ ಸಾವು ಆದದ್ದು ಕಲಬುರಗಿಯಲ್ಲಿ. ಊರು ಬಾಗಿಲು ಹಾಕಿಕೊಂಡಿತು. ಆಗಲೇ ಅಚ್ಚಾಗಿದ್ದ ಪತ್ರಿಕೆಗಳೆಲ್ಲ ಮೂಲೆ ಸೇರಿದವು.

ಆದರೆ ಆ ವರ್ಷವೇ ನನ್ನ ಬಸ್ಸಿನ ತೊಡಕು ಬಗೆಹರಿದದ್ದು ಎಂದರೆ ಕೇಳಲು ಕೆಟ್ಟದಾಗಿ ಕಾಣಬಹುದು. ಉಪನ್ಯಾಸಗಳೆಲ್ಲ ಗೂಗಲ್ ಮೀಟಿಗೆ ಬಂದವು. ಯಡ್ರಾಮಿಯ ಪಡಸಾಲೆಯಲ್ಲಿ ಕೂತು, ಕಲಬುರಗಿಯದಷ್ಟೇ ಅಲ್ಲ, ಮೈಸೂರು, ಹಂಪಿಯ ಉಪನ್ಯಾಸಗಳನ್ನೂ ಕೇಳಿದೆ. ಅಧ್ಯಕ್ಷರ ನುಡಿ ಪೂರ್ತಿ ಕೇಳಿದೆ. ವಂದನಾರ್ಪಣೆಯನ್ನಂತೂ ಮೈಕಿನವರಿಗೆ, ಶಾಮಿಯಾನದವರಿಗೆ ಬದಲಾಗಿ ನೆಟ್‌ವರ್ಕಿಗೆ ಧನ್ಯವಾದ ಹೇಳುವವರೆಗೆ ಬಿಡದೆ ಕೇಳಿದೆ. ಅಷ್ಟು ವರ್ಷ ನಾನು ಕಳೆದುಕೊಂಡದ್ದು ದೊಡ್ಡದೇನಲ್ಲ ಎಂದು ಗೊತ್ತಾಯಿತು. ಚಹಾ ಮಾತ್ರ ನಾವೇ ಮಾಡಿಕೊಳ್ಳಬೇಕು. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯದ ಕಾರ್ಯಕ್ರಮಗಳೂ ಈಗ ನನ್ನ ಮೊಬೈಲಿಗೆ ಬರುತ್ತವೆ. ಬಣ್ಣ ಬಣ್ಣದ ಚೌಕದಲ್ಲಿ ಫೋಟೋಗಳು, ಕೆಳಗೆ ಲಿಂಕು. ಬೆರಳಿನಿಂದ ಸರಿಸಿದರೆ ಹೋಗೇ ಬಿಡುತ್ತವೆ. ಅವುಗಳ ಬೆನ್ನಿಗೆ ಹಾಲಿನ ಲೆಕ್ಕ ಬರೆಯಲಾಗುವುದಿಲ್ಲವೆಂದು ಹೆಂಡತಿಯ ಆಕ್ಷೇಪಣೆ.

ಮೊನ್ನೆ ನಮ್ಮೂರ ಹುಡುಗ, ಈಗ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ, ಒಂದು ಕರಡು ಪತ್ರಿಕೆ ಹಿಡಿದುಕೊಂಡು ಬಂದ. ಯಡ್ರಾಮಿಯಲ್ಲೇ ತತ್ವಪದ ಉಪನ್ಯಾಸ ಮತ್ತು ಗಾಯನ ಮಾಡುತ್ತಾರಂತೆ, ಮಾತಾಡುವವರು ಕಲಬುರಗಿಯಿಂದ ಬರುತ್ತಾರೆ. “ಸರಾ, ಕಾಗುಣಿತ ಒಂದ್ ನೋಡ್ರಿ,” ಅಂದ. ನಾನು ಕಾಗುಣಿತಕ್ಕಿಂತ ಮೊದಲು ಕೆಳಗಿನ ಸಾಲು ನೋಡಿದೆ.

“ಹಾಡೋರ ಹೆಸರು ಎಲ್ಲಿ ಅದಾವೋ ತಮ್ಮಾ?”

“ಏಳು ಮಂದಿ ಅದಾರ್ರಿ ಅವ್ರು. ಜಾಗಾ ಸಾಲಂಗಿಲ್ಲರಿ ಸರಾ.”

“ಗೌರವ ಉಪಸ್ಥಿತಿ ಹನ್ನೊಂದು ಮಂದಿ ಹಿಡ್ಸೀದಿ ಹೌದಿಲ್ಲೋ?”

ಅವನು ತಲೆ ಕೆರೆದುಕೊಂಡ. ಹನ್ನೊಂದರಲ್ಲಿ ಯಾರನ್ನು ತೆಗೆದರೆ ಯಾರು ಮುನಿಯುತ್ತಾರೆ ಎಂಬ ಲೆಕ್ಕ ಹಾಕಿದೆವು. ಒಬ್ಬರು ಶಾಮಿಯಾನ ಕೊಡಿಸುವವರು, ಒಬ್ಬರು ಸಭಾಭವನದ ಕೀಲಿ ಇಟ್ಟುಕೊಂಡವರು, ಇನ್ನೊಬ್ಬರು ಏನೂ ಕೊಡದಿದ್ದರೂ ಬಿಟ್ಟರೆ ಗದ್ದಲ ಮಾಡುವವರು. ಕೊನೆಗೆ ಯಾರನ್ನೂ ತೆಗೆಯದೆ, ಕಾಲೇಜಿನ ಕಟ್ಟಡದ ಚಿತ್ರ ತೆಗೆದು ಆ ಜಾಗದಲ್ಲಿ ಏಳು ಹೆಸರು, ಏಳು ಊರು ಹಾಕಿದೆವು. ಅಕ್ಷರ ಸಣ್ಣವು, ನಿಜ. ಆದರೆ ಕನ್ನಡಕ ಹಾಕಿದರೆ ಕಾಣುತ್ತವೆ.

ಹುಡುಗ ಹಾಳೆ ಮಡಚುತ್ತ ಕೇಳಿದ, “ಮಾತಾಡೋ ಸರ್ ಅವ್ರು ಸಂಜಿಮುಂದ ಕಲಬುರಗಿ ಬಸ್ ಹಿಡೀಬೇಕಂತಾರ್ರೀ. ಉಪನ್ಯಾಸ ಮೊದಲ ಮುಗಿಸಿ ಕಳಸಿಬಿಡೂಣೇನ್ರಿ, ಗಾಯನ ಆಮ್ಯಾಲೆ ಇಡೂಣು?”

“ಬ್ಯಾಡ,” ಅಂದೆ. “ಗಾಯನ ಮೊದಲ ಇಡು. ಅವ್ರು ಬಸ್ ತಪ್ಪಿಸ್ಕೊಂಡ್ರ ನಮ್ಮ ಮನ್ಯಾಗ ವಸ್ತಿ ಮಾಡ್ತಾರ.”