ಅಕ್ಷರಕ್ಕೆ ಬೀಗ

ಭರತ ಹುಣ್ಣಿಮೆ ಹತ್ತಿರ ಬಂತೆಂದರೆ ನಮ್ಮ ಇಟ್ಟಿಗಿ, ಹಡಗಲಿ ಕಡೆಯ ಡಿಟಿಪಿ ಅಂಗಡಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮೈಲಾರ ಜಾತ್ರೆಯ ಬ್ಯಾನರು, ಲಗ್ನಪತ್ರಿಕೆ, ಪುರಾಣ ಪ್ರವಚನದ ಕರಪತ್ರ, ಎಲ್ಲವೂ ನಾಳೆಗೇ ಬೇಕು. ಅಂಥ ಹೊತ್ತಿನಲ್ಲೇ ಹಿಂದೊಮ್ಮೆ ಅಂಗಡಿಯ ಹುಡುಗ ಹೇಳಿದ್ದ: “ಅಣ್ಣಾರ, ಲಾಕ್ ಕೆಟ್ಟೈತ್ರಿ. ನಿಮ್ಮ ಫೈಲು ಇದರಾಗ ಐತಿ, ತೆಗ್ಯಾಕ ಬರವಲ್ದು.”

ಲಾಕ್ ಅಂದರೆ ಕಂಪ್ಯೂಟರಿನ ಹಿಂದೆ ಸಿಕ್ಕಿಸುವ ಡಾಂಗಲ್. ಅದು ಇದ್ದರಷ್ಟೇ ತಂತ್ರಾಂಶ ತೆರೆದುಕೊಳ್ಳುತ್ತದೆ. ಅದು ಕೆಟ್ಟರೆ ದುಡ್ಡು ಕೊಟ್ಟು ಕೊಂಡವನು ಕೈಕಟ್ಟಿ ಕೂರಬೇಕು. ಲಾಕ್ ಮುರಿದ ಕದ್ದ ಪ್ರತಿ ಇಟ್ಟುಕೊಂಡವನ ಕೆಲಸ ಮಾತ್ರ ನಿಲ್ಲುವುದಿಲ್ಲ. ಈ ಅನ್ಯಾಯ ನನಗೆ ಇಂದಿಗೂ ಸಹಿಸಲಾಗದು.

ಹಾಗೆಂದು ತಂತ್ರಾಂಶ ಬರೆದವರ ಹೊಟ್ಟೆಪಾಡು ಸುಳ್ಳಲ್ಲ. ಕನ್ನಡದ ಒತ್ತು, ಗುಣಿತಗಳನ್ನೆಲ್ಲ ಒಂದೊಂದಾಗಿ ತಿದ್ದಿ ಫಾಂಟು ಮಾಡುವುದು ಸಣ್ಣ ಶ್ರಮವೇ? ಒಂದು ಸಿಡಿ ಕೊಂಡು ತಾಲ್ಲೂಕಿಗೆಲ್ಲ ಹಂಚಿದರೆ ಅವರು ಉಣ್ಣುವುದೇನು? ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಮಿನಂತೆ ಇಂಥ ಬೀಗ ಮುರಿದವರಿಗೆ ಎರಡು ವರ್ಷದವರೆಗೆ ಜೈಲು, ಮೇಲೆ ದಂಡ. ಆದರೆ ಕೃತಿಸ್ವಾಮ್ಯದ ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಮುರಿದಿರಬೇಕು ಎಂಬ ಮಾತು ಅದರಲ್ಲೇ ಇದೆ. ಆ ಮಾತು ಸೇರಿಸಿದವರಿಗೆ ನನ್ನ ನಮಸ್ಕಾರ.

ಕನ್ನಡಕ್ಕೆ ಇನ್ನೊಂದು ಬೀಗವೂ ಬಿದ್ದಿತ್ತು, ಅದಕ್ಕೆ ಯಾವ ಡಾಂಗಲ್ಲೂ ಬೇಕಿರಲಿಲ್ಲ. ಆಗಿನ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ತಮ್ಮ ತಮ್ಮ ಮನಸ್ಸಿಗೆ ಬಂದಂತೆ ಕನ್ನಡದ ತುಣುಕುಗಳನ್ನು ಕೂರಿಸಿದ್ದವು. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ತೆರೆದರೆ ಬರೀ ಗೀಚು. ಪ್ರತಿ ಅಕ್ಷರಕ್ಕೂ ಎಲ್ಲೆಡೆ ಒಂದೇ ಸಂಕೇತ ಕೊಡುವ ಯೂನಿಕೋಡ್ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಕೊಟ್ಟಿತ್ತು. ನಮ್ಮ ಅಂಗಡಿಗಳಿಗೆ ಅದು ಬರಲು ಎಷ್ಟೋ ಕಾಲ ಹಿಡಿಯಿತು.

ಇಲ್ಲಿ ಕೆ.ಪಿ. ರಾವ್ ಅವರನ್ನು ನೆನೆಯದಿದ್ದರೆ ತಪ್ಪಾದೀತು. ಕನ್ನಡದ ಉಚ್ಚಾರಣೆಗೆ ಹೊಂದುವ ಕೀಲಿಮಣೆ ರೂಪಿಸಿ, ‘ಸೇಡಿಯಾಪು’ ಎಂಬ ತಂತ್ರಾಂಶ ಮಾಡಿ, ಎರಡನ್ನೂ ಜನಕ್ಕೆ ಹಾಗೇ ಬಿಟ್ಟುಕೊಟ್ಟರು. ಸರ್ಕಾರದ ‘ನುಡಿ’ ತಂತ್ರಾಂಶದ ಕೀಲಿಮಣೆಗೂ ಅವರ ವಿನ್ಯಾಸವೇ ಆಧಾರ. ಅವರು ಅದಕ್ಕೆ ಬೀಗ ಜಡಿದಿದ್ದರೆ ಪಂಚಾಯ್ತಿ ಕಚೇರಿಯಲ್ಲಿ ಕನ್ನಡ ಟೈಪಿಸುವ ಹುಡುಗಿ ಏನು ಮಾಡಬೇಕಿತ್ತು?

ತಂತ್ರಾಂಶಕ್ಕೆ ಬೆಲೆ ಕಟ್ಟಲಿ, ಕೊಡೋಣ. ನಾನು ಬರೆದದ್ದನ್ನು ತೆರೆಯುವ ಕೀಲಿ ಮಾತ್ರ ನನ್ನ ಹತ್ತಿರವೇ ಇರಬೇಕು, ಕಂಪನಿ ಮುಚ್ಚಿದ ಮೇಲೂ. ಹಳೆಯ ಸಿಡಿಗಳಲ್ಲಿ ಮಠಗಳ ಪುರಾಣ, ಶಾಲೆಗಳ ಸ್ಮರಣ ಸಂಚಿಕೆ, ಊರಿನ ಹಿರಿಯರು ಬರೆಸಿದ ಹಾಡುಗಳು ಉಳಿದಿರುತ್ತವೆ. ಅಂಗಡಿಯವರೇ, ಹಳೇ ಕಂಪ್ಯೂಟರನ್ನು ಗುಜರಿಗೆ ಹಾಕುವ ಮುಂಚೆ ಅವನ್ನೆಲ್ಲ ಯೂನಿಕೋಡಿಗೆ ಬದಲಿಸಿ, ಬರೆಸಿದವರ ಮನೆಗೊಂದು ಪ್ರತಿ ಕೊಟ್ಟುಬಿಡಿ.