ಕೋಕ: ತೋಳವೋ, ಜಕ್ಕವಕ್ಕಿಯೋ?

ಐದನೆಯ ತೀರ್ಥಂಕರರಾದ ಸುಮತಿನಾಥರ ಲಾಂಛನ ‘ಕೋಕ’. ಬಾಗೂರಿನ ಹಿರಿಯ ಶ್ರಾವಕರೊಬ್ಬರು ಮೊಮ್ಮಗಳಿಗಾಗಿ ಬರೆಸಿದ್ದ ಲಾಂಛನಗಳ ಪಟ್ಟಿಯಲ್ಲಿ ಈ ಪದದ ಮುಂದೆ ಯಾರೋ ನಿಘಂಟು ನೋಡಿ ‘ತೋಳ’ ಎಂದು ಅರ್ಥ ಬರೆದಿದ್ದರು. “ಪಂಡಿತರೇ, ಕುರಿ ಹೊತ್ತೊಯ್ಯುವ ತೋಳ ಸ್ವಾಮಿಯ ಪೀಠಕ್ಕೆ ಹೇಗೆ ಬಂತು?” ಎಂದು ಅವರು ಕೇಳಿದರು. ಅವರ ದನಿಯಲ್ಲಿ ನಗೆಯಿರಲಿಲ್ಲ. ನಿತ್ಯಪೂಜೆಯ ಮಾತು ಅದು.

ನಿಘಂಟು ಸುಳ್ಳು ಹೇಳಿಲ್ಲ. ಅಮರಕೋಶದ ಸಿಂಹಾದಿವರ್ಗದಲ್ಲಿಯೇ ಕೋಕಶಬ್ದ ಎರಡೆಡೆ ಬರುತ್ತದೆ: ಒಮ್ಮೆ ವೃಕ, ಈಹಾಮೃಗಗಳೊಡನೆ ತೋಳಕ್ಕೆ, ಇನ್ನೊಮ್ಮೆ ಚಕ್ರ, ಚಕ್ರವಾಕಗಳೊಡನೆ ಹಕ್ಕಿಗೆ. ಋಗ್ವೇದದ ಏಳನೆಯ ಮಂಡಲದಲ್ಲಿ ಕೋಕರೂಪದ ದುಷ್ಟಶಕ್ತಿಯೊಂದರ ಉಲ್ಲೇಖವಿದೆ. ಅದನ್ನು ಸಾಯಣರು ಚಕ್ರವಾಕವೆಂದರು. ಆಧುನಿಕ ವಿದ್ವಾಂಸರಲ್ಲಿ ಒಮ್ಮತವಿಲ್ಲ.

ತೋಳ ಹಿಂಸ್ರಪ್ರಾಣಿಯಾದ್ದರಿಂದ ಲಾಂಛನವಾಗಲಾರದೆಂದು ಕೆಲವರು ವಾದಿಸುವುದುಂಟು. ನಾನು ಒಪ್ಪಲಾರೆ. ಮಹಾವೀರರ ಲಾಂಛನ ಸಿಂಹ, ಪಾರ್ಶ್ವನಾಥರದು ಸರ್ಪ. ನಿರ್ಣಯಕ್ಕೆ ಪರಂಪರೆಯನ್ನೇ ಕೇಳಬೇಕು. ದಿಗಂಬರರು ಉತ್ತರದೇಶದಲ್ಲಿ ಸುಮತಿನಾಥರ ಲಾಂಛನವನ್ನು ‘ಚಕವಾ’ ಎನ್ನುತ್ತಾರೆ; ಅದು ಚಕ್ರವಾಕದ ತದ್ಭವ. ಶ್ವೇತಾಂಬರರು ಕ್ರೌಂಚವೆನ್ನುತ್ತಾರೆ. ಯಾವ ಹಕ್ಕಿ ಎಂಬಲ್ಲಿ ಭೇದವುಂಟು, ಹಕ್ಕಿಯೇ ಎಂಬಲ್ಲಿ ಇಲ್ಲ.

ಇದು ಕಾಡುಬಾತಿನ ಜಾತಿ. ಕಿತ್ತಳೆಗೆಂಪು ಮೈ, ಮಸುಕಾದ ತಲೆ. ಹಾರುವಾಗ ರೆಕ್ಕೆಯ ಬಿಳುಪು ಕಪ್ಪುಗಳು ಎದ್ದು ಕಾಣುತ್ತವೆ. ಲಡಾಖ್, ಟಿಬೆಟ್ಟಿನ ಎತ್ತರದ ಸರೋವರಗಳ ಬಳಿ ಬಿಲ, ಬಂಡೆಸಂದುಗಳಲ್ಲಿ ಮೊಟ್ಟೆಯಿಟ್ಟು ಚಳಿಗಾಲಕ್ಕೆ ದಕ್ಷಿಣಕ್ಕಿಳಿಯುತ್ತದೆ. ಇರುಳಾದೊಡನೆ ಜೋಡಿ ಅಗಲುತ್ತದೆಂಬುದು ಕವಿಸಮಯ. ನಮ್ಮ ಚಂಪೂಕವಿಗಳ ರಾತ್ರಿವರ್ಣನೆಗೆ ಇದಿಲ್ಲದೆ ನಡೆಯದು. ತೋಳವಾದರೋ ನಮ್ಮ ನೆರೆಯದೇ. ಮಂಡ್ಯ ಜಿಲ್ಲೆಯ ಮೇಲುಕೋಟೆಯಲ್ಲಿ 1974ರಲ್ಲಿ ವನ್ಯಧಾಮವಾದದ್ದು ಅದನ್ನು ಉಳಿಸಲೆಂದೇ.

ಒಂದೇ ಹೆಸರು ಎರಡಕ್ಕೂ ಏಕೆ ಬಂದೀತು? ಎರಡೂ ಕೆಂಚುಮೈಯವು, ಎರಡೂ ಜೋಡಿಯಾಗಿ ಬಾಳುವಂಥವು. ಆದರೆ ಕಾರಣ ಬಣ್ಣವಾಗಲಿ ಬಾಳುವೆಯಾಗಲಿ ಅಲ್ಲ, ಕೂಗು ಎಂದು ನನ್ನ ಊಹೆ. ಕಾಗೆ, ಕೋಗಿಲೆಗಳಂತೆ ಕೋಕವೂ ಅನುಕರಣಶಬ್ದವಿರಬಹುದು. ಕತ್ತಲಲ್ಲಿ ಕೆರೆಯಂಚಿನಿಂದಲೋ ಕುರುಚಲುಗಾಡಿನಿಂದಲೋ ಎಳೆದೆಳೆದು ಬರುವ ದನಿಗೆ ಹೆಸರಿಟ್ಟವನು ಪ್ರಾಣಿಯನ್ನು ಕಂಡೇ ಇಟ್ಟನೆಂದು ಹೇಗೆ ಹೇಳುವುದು?

ಕನ್ನಡಕ್ಕೆ ಈ ಗೊಂದಲ ಬೇಕಿಲ್ಲ. ಚಕ್ರ ‘ಜಕ್ಕ’ವಾಗಿ, ಪಕ್ಕಿ ‘ವಕ್ಕಿ’ಯಾಗಿ ಸೇರಿದ ‘ಜಕ್ಕವಕ್ಕಿ’ ನಮ್ಮಲ್ಲಿದೆ. ಲಾಂಛನಗಳ ಪಟ್ಟಿಯಲ್ಲಿ ಕೋಕದ ಎದುರು ಅದನ್ನೇ ಬರೆದರೆ ಯಾವ ಮಗುವೂ ಪೀಠದ ಮೇಲೆ ನಾಲ್ಕು ಕಾಲುಗಳನ್ನು ಹುಡುಕಲಾರದು.