ಕಲ್ಯಾಣದ ಗಿಡುಗ

ಚಾಲುಕ್ಯರ ರಾಜಧಾನಿಯಾಗಿದ್ದ ಕಲ್ಯಾಣವನ್ನು ಕಾಣಬೇಕೆಂಬ ಆಸೆಯು ನಮಗೆ ಬಹುದಿನಗಳಿಂದ ಇದ್ದಿತು. ಕಳೆದ ವೈಶಾಖದಲ್ಲಿ ಆ ಯೋಗವು ಕೂಡಿಬಂದಿತು. ಬೀದರ ಜಿಲ್ಲೆಯ ಇಂದಿನ ಬಸವಕಲ್ಯಾಣವೇ ಆ ಊರು. ಬೆಳಗಿನಲ್ಲಿ ಕೋಟೆಯನ್ನು ಸುತ್ತಿ ನೋಡಿ, ಬಿಸಿಲೇರಲು ಊರಂಚಿನ ಮನೆಯೊಂದರ ಮುಂದೆ ಬೇವಿನ ಮರದ ನೆರಳಿನಲ್ಲಿ ಕುಳಿತೆವು.

ಇಲ್ಲಿಂದ 1126ರಿಂದ 1138ರವರೆಗೆ ಆಳಿದ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವೆಂಬ ದೊಡ್ಡ ಗ್ರಂಥವನ್ನು ರಚಿಸಿದನು. ಅದರಲ್ಲಿ ಹೇಳಿರುವ ರಾಜವಿನೋದಗಳಲ್ಲಿ ಶ್ಯೇನವಿನೋದವೂ ಒಂದು. ಎಂದರೆ ಡೇಗೆಗಳನ್ನು ಪಳಗಿಸಿ ಅವುಗಳಿಂದ ಬೇಟೆಯಾಡಿಸುವುದು. ಆ ವೈಭವವನ್ನು ನೆನೆಯುತ್ತಿರುವಾಗಲೇ ತಲೆಯ ಮೇಲೆ ‘ಪೀ-ವೀ’ ಎಂಬ ಚುರುಕಾದ ಕೂಗು ಕೇಳಿಸಿತು. ನೋಡಿದರೆ, ಅದೇ ಕುಲದ ಒಂದು ಸಣ್ಣ ಗಿಡುಗ! ಮರದ ಕವಲಿನಲ್ಲಿ ಕಾಗೆಯ ಗೂಡಿನಂತಹ ಕಡ್ಡಿಗಳ ಗೂಡು. ಕೆಳಗೆ ಕೈಯಲ್ಲಿ ಕಲ್ಲು ಹಿಡಿದ ಒಬ್ಬ ಹುಡುಗ.

ಶಿಕ್ರಾ ಎಂದೂ ಕರೆಯಲ್ಪಡುವ ಈ ಪಕ್ಷಿಯು ನಮ್ಮ ದೇಶದಲ್ಲೆಲ್ಲ ಸಾಮಾನ್ಯವಾದುದು. ಉದ್ದ ಸುಮಾರು 30 ಸೆಂಟಿಮೀಟರು; ಹೆಣ್ಣು ಗಂಡಿಗಿಂತ ದೊಡ್ಡದು. ಬೆನ್ನು ಬೂದುಬಣ್ಣ, ಬಿಳಿಯ ಎದೆಯ ಮೇಲೆ ಇಟ್ಟಿಗೆಗೆಂಪಿನ ನವುರಾದ ಅಡ್ಡಗೆರೆಗಳು. ಗಂಡಿನ ಕಣ್ಣು ಕೆಂಪು. ಗಿಡ್ಡ ರೆಕ್ಕೆ, ಉದ್ದ ಬಾಲಗಳಿರುವುದರಿಂದ ಕೊಂಬೆಗಳ ನಡುವೆ ನುಸುಳಿ ಹಾರಬಲ್ಲದು. ಹದ್ದಿನಂತೆ ಹೆಚ್ಚು ಹೊತ್ತು ಆಕಾಶದಲ್ಲಿ ಸುತ್ತುವ ಗೋಜಿಗೆ ಹೋಗದೆ, ಎಲೆಗಳ ಮರೆಯಲ್ಲಿ ಹೊಂಚಿ ಕುಳಿತು ಥಟ್ಟನೆ ಎರಗುವುದೇ ಇದರ ರೀತಿ. ಬೇಸಗೆಯಲ್ಲಿ ಮೂರು ನಾಲ್ಕು ಮೊಟ್ಟೆಗಳನ್ನಿಟ್ಟು ಸುಮಾರು ಮೂರು ವಾರ ಕಾವು ಕೊಡುತ್ತದೆ.

ಹುಡುಗನನ್ನು ತಡೆದೆವು. ಮನೆಯೊಳಗಿಂದ ಅವನ ಅಜ್ಜಿಯು ಹೊರಬಂದಳು. ಹಿಂದಿನ ದಿನವೇ ಅವಳ ಕೋಳಿಮರಿಯೊಂದನ್ನು ಆ ಗಿಡುಗವು ಒಯ್ದಿತ್ತಂತೆ.

“ಅವ್ವಾ, ಒಂದು ಗಳಿಗೆ ನೋಡೋಣ, ಇದು ಗೂಡಿಗೆ ಏನೇನು ತರುತ್ತದೆ” ಎಂದೆವು.

ಮುದುಕಿಯು ಒಲ್ಲದ ಮನಸ್ಸಿನಿಂದ ಜಗಲಿಯ ಮೇಲೆ ಕುಳಿತಳು. ಗಂಡು ಮೊದಲು ಒಂದು ಓತಿಕೇತವನ್ನು ತಂದಿತು. ಹೆಣ್ಣು ಅದನ್ನು ಕಸಿದುಕೊಂಡು ಗೂಡಿಗೆ ಹೋಯಿತು. ಬಹಳ ಹೊತ್ತಿನ ಮೇಲೆ ಬಂದುದು ಒಂದು ಇಲಿ. ಮಿಡತೆ, ಈಚಲುಹುಳು, ಅಳಿಲು, ಸಣ್ಣ ಹಕ್ಕಿ, ಇವೆಲ್ಲ ಇದರ ಆಹಾರವೆಂದೂ, ಕೋಳಿಮರಿಯು ಅಪರೂಪದ ತುತ್ತೆಂದೂ ವಿವರಿಸಿದೆವು.

“ಇಲಿ ತಿಂದ್ರ ತಿನ್ನಲಿ ಯಪ್ಪಾ. ನನ್ನ ಕೋಳಿಮರಿ ಯಾರು ಕೊಡ್ತಾರ?” ಎಂದಳು ಮುದುಕಿ.

ನಮಗೆ ಮಾತು ಹೊರಡಲಿಲ್ಲ. ಅವಳ ನಷ್ಟವು ನಿಜವಾದುದು. ಗಿಡುಗವನ್ನು ಕೊಲ್ಲುವುದನ್ನೂ ಹಿಡಿಯುವುದನ್ನೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ನಿಷೇಧಿಸಿದೆಯೆಂದು ಹೇಳಬಹುದಾಗಿತ್ತು. ಆದರೆ ಕಾಯಿದೆಯು ಬಡವಳ ಕೋಳಿಮರಿಯನ್ನು ಕಾಯಲಾರದಷ್ಟೆ. ಹಿತ್ತಲಿನಲ್ಲಿ ಬೋರಲು ಬಿದ್ದಿದ್ದ ಒಂದು ಹಳೆಯ ಬಿದಿರಿನ ಪಂಜರವನ್ನು ತೋರಿಸಿ, ಮರಿಗಳು ಬಲಿಯುವವರೆಗೆ ಇದರಡಿಯಲ್ಲಿ ಮೇಯಲು ಬಿಡಬಾರದೇಕೆಂದು ಕೇಳಿದೆವು. ಅವಳು ಉತ್ತರ ಕೊಡದೆ, ಮುರಿದ ಕಡ್ಡಿಗಳನ್ನು ಬಿಗಿಯಲು ಮೊಮ್ಮಗನಿಗೆ ಹುರಿ ತರಹೇಳಿದಳು. ಕಲ್ಲು ಅವನ ಕೈಯಿಂದ ತಾನಾಗಿಯೇ ಕೆಳಗೆ ಬಿದ್ದಿತು.

ಸೋಮೇಶ್ವರನ ಅರಮನೆಯಲ್ಲಿ ಡೇಗೆಗೆ ಮಾಂಸವನ್ನು ಅರಸನ ಬೊಕ್ಕಸವು ಒದಗಿಸುತ್ತಿದ್ದಿರಬೇಕು. ಅರಸನು ಹೋದನು, ಆ ವಿನೋದವೂ ಹೋಯಿತು. ಉಳಿದಿರುವ ಈ ಬಡ ಗಿಡುಗವು ಸಾಕುವವರಿಲ್ಲದೆ ತನ್ನ ಕೂಳನ್ನು ತಾನೇ ಸಂಪಾದಿಸುತ್ತ, ನಮ್ಮ ಕಾಳಿನ ಕಣಜಕ್ಕೆ ಸಂಬಳವಿಲ್ಲದ ಕಾವಲನ್ನೂ ನಡೆಸಿದೆ. ಎಂದಾದರೊಮ್ಮೆ ಅದು ಕೇಳುವ ಕೂಲಿಯು ನಮಗೆ ಭಾರವೆನಿಸಿದರೆ, ಮರಿಯ ಮೇಲೆ ಪಂಜರವನ್ನು ಮುಚ್ಚೋಣ. ಗೂಡಿಗೆ ಕಲ್ಲೆಸೆಯುವುದು ಬೇಡ.